ಮೂರನೇ ಕೂಗು

ಸುನಂದಳ ಗಂಟಲಿನ ಬಗ್ಗೆ ಮಾಲೂರಿನಲ್ಲಿ ಎರಡು ಮಾತಿಲ್ಲ. ಅವಳು ಪ್ಲಾಟ್‌ಫಾರಂನ ಈ ತುದಿಯಲ್ಲಿ ನಿಂತು "ಲೇ ಪದ್ಮಾ, ಸೀಟು ಹಿಡಿಯೇ" ಎಂದರೆ, ಇನ್ನೂ ಟೇಕಲ್ಲಿನ ಹತ್ತಿರ ಇರುವ ಗಾಡಿಯೊಳಗೆ ಕೂತ ಪದ್ಮಶ್ರೀಗೆ ಕೇಳಿಸುತ್ತದೆ ಎಂದು ರೈಲು ಪಾಸಿನ ಹೆಂಗಸರು ನಗೆಯಾಡುತ್ತಾರೆ. ಅದು ಅವಳು ಸಂಪಾದಿಸಿದ್ದಲ್ಲ, ಅಪ್ಪನಿಂದ ಬಂದ ಆಸ್ತಿ. ಹೊಲ ಗದ್ದೆ ಅಣ್ಣಂದಿರ ಪಾಲಾಯಿತು, ಗಂಟಲು ಮಗಳ ಪಾಲಿಗೆ ಬಂತು.

ಅಪ್ಪ ವಕ್ಕಲೇರಿಯ ಗಂಗುಲಪ್ಪ. ಕೋಲಾರದ ಟೊಮೆಟೊ ಮಂಡಿಯಲ್ಲಿ ಮೂವತ್ತು ವರ್ಷ ಹರಾಜು ಕೂಗಿದವರು. ಮದನಪಲ್ಲಿ, ಪಲಮನೇರು ಕಡೆಯ ವ್ಯಾಪಾರಿಗಳಿಗೂ ತಿಳಿಯಲಿ ಎಂದು ತೆಲುಗಿನಲ್ಲೇ ಕೂಗುತ್ತಿದ್ದರು: "ಒಕಟೋ ಸಾರಿ, ರೆಂಡೋ ಸಾರಿ, ಮೂಡೋ ಸಾರಿ." ಒಂದನೇ ಸಾರಿ, ಎರಡನೇ ಸಾರಿ, ಮೂರನೇ ಸಾರಿ. ಮೂರನೆಯದು ಬಾಯಿಂದ ಬಿದ್ದರೆ ಮುಗಿಯಿತು. "ಮೂರನೇ ಕೂಗಾದ ಮೇಲೆ ಭೂಮಿ ಆಕಾಶ ಒಂದಾದ್ರೂ ಮಾತು ವಾಪಸ್ ಇಲ್ಲ ಕಣಮ್ಮ. ಅದಕ್ಕೇ ಕೂಗೋ ಮುಂಚೆ ಒಂದು ಸಾರಿ ಉಸಿರು ಹಿಡೀಬೇಕು" ಎಂದು ಮಗಳನ್ನು ಬಾಕ್ಸುಗಳ ಮೇಲೆ ಕೂರಿಸಿಕೊಂಡು ಹೇಳಿಕೊಡುತ್ತಿದ್ದರು. ಮಗಳು ಕೂಗುವುದನ್ನು ಕಲಿತಳು. ಉಸಿರು ಹಿಡಿಯುವುದನ್ನು ಕಲಿಯಲಿಲ್ಲ.

ಅಷ್ಟು ದೊಡ್ಡ ಗಂಟಲಿನಿಂದ ಹೊರಡದ ಮಾತು ಒಂದೇ ಒಂದು ಇತ್ತು: "ಆಗಲ್ಲ." ಎದುರಿಗೆ ನಿಂತು ಯಾರೇ ಏನೇ ಕೇಳಲಿ, ಸುನಂದಳ ತಲೆ ತಾನಾಗಿ ಆಡಿಬಿಡುತ್ತಿತ್ತು. ಪಕ್ಕದ ಮನೆಯವಳು ಮದುವೆಗೆ ಹೋಗಬೇಕೆಂದು ಕೇಳಿದ್ದಕ್ಕೆ ತನ್ನ ಇದ್ದೊಂದು ಒಳ್ಳೆಯ ರೇಷ್ಮೆ ಸೀರೆ ಕೊಟ್ಟು, ಅದೇ ಮದುವೆಗೆ ತಾನು ನೂಲಿನ ಸೀರೆಯಲ್ಲಿ ಹೋಗಿ ಬಂದ ಹೆಂಗಸು ಇವಳು. ಗಂಡ ಚಂದ್ರಮೋಹನ್ ಕೈಗಾರಿಕಾ ಪ್ರದೇಶದಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು, ಮಾತು ಕಡಿಮೆ. ಅವನೂ ಅವತ್ತು ತಡೆಯಲಾರದೆ, "ದಾಕ್ಷಿಣ್ಯಕ್ಕೆ ಬಸುರಾದ್ರೆ ಹೆರೋಕೆ ಜಾಗ ಇಲ್ವಂತೆ, ನಿನ್ನಂಥವಳನ್ನ ನೋಡೇ ಗಾದೆ ಮಾಡಿರೋದು" ಎಂದಿದ್ದ. ಸುನಂದ ನಕ್ಕಿದ್ದಳು. ಆಗ ಅದು ನಗುವ ಮಾತೇ ಆಗಿತ್ತು.

ವೈಟ್‌ಫೀಲ್ಡ್ ಆಚೆಯ ಒಂದು ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸ. ಹದಿನೇಳು ವರ್ಷದಿಂದ ಮಾರಿಕುಪ್ಪದ ಕಡೆಯಿಂದ ಬರುವ ಬೆಳಗಿನ ಗಾಡಿ, ಅದೇ ಲೇಡೀಸ್ ಬೋಗಿ, ಅದೇ ಕಿಟಕಿ. ಮಾಲೂರು ಬಿಟ್ಟ ಮೇಲೆ ಹಳಿಯ ಎರಡೂ ಕಡೆ ಇಟ್ಟಿಗೆ ಗೂಡುಗಳು, ಹೊಗೆ, ತಗಡಿನ ಶೆಡ್ಡುಗಳು. ಹದಿನೇಳು ವರ್ಷ ಅವನ್ನು ನೋಡಿದ್ದಳು. ಒಳಗೆ ಯಾರಿದ್ದಾರೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಯಾರು ತಾನೆ ಯೋಚಿಸುತ್ತಾರೆ? ನಮ್ಮ ಮನೆಯ ಗೋಡೆಯ ಇಟ್ಟಿಗೆ ಯಾರ ಕೈಯಲ್ಲಿ ಹುಟ್ಟಿತು ಎಂದು ಕೇಳುವಷ್ಟು ಪುರುಸೊತ್ತು ನಮಗಿಲ್ಲ.

ಅವಳನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ಶ್ವೇತ. ಮಂಡ್ಯದ ಕಡೆಯ ಹುಡುಗಿ, ಸುನಂದಳ ಬೀದಿಯಲ್ಲೇ ಬಾಡಿಗೆ ರೂಮು. ಗೂಡುಗಳ ನಡುವೆ ತಗಡಿನ ಸೂರಿನಡಿ 'ಚಿಣ್ಣರ ನೆರಳು' ಎಂಬ ಮಕ್ಕಳ ಕೇಂದ್ರ ನಡೆಯುತ್ತಿತ್ತು, ಅಲ್ಲಿ ಪಾಠ ಹೇಳುತ್ತಿದ್ದಳು. ಗೂಡಿನ ಕೆಲಸಕ್ಕೆ ಒಡಿಶಾದಿಂದ ಬಂದ ಸಂಸಾರಗಳು ಹಿಂದೆ ಆಂಧ್ರ, ತೆಲಂಗಾಣದ ಗೂಡುಗಳಲ್ಲಿ ದುಡಿದವು, ಹಾಗಾಗಿ ತೆಲುಗು ಚೆನ್ನಾಗಿ ಬರುತ್ತಿತ್ತು, ಕನ್ನಡ ಬರುತ್ತಿರಲಿಲ್ಲ. ಶ್ವೇತಳಿಗೆ ತೆಲುಗೆಂದರೆ ತಲೆ ಕೆರೆದುಕೊಳ್ಳುವಂತಾಗುತ್ತಿತ್ತು. "ಅಕ್ಕ, ಒಂದು ಭಾನುವಾರ ಬನ್ನಿ ಅಕ್ಕ, ಮಕ್ಕಳ ಅಪ್ಪ ಅಮ್ಮನ ಹತ್ರ ನಾಲ್ಕು ಮಾತಾಡಿಕೊಡಿ" ಎಂದಳು. ಸುನಂದಳ ತಲೆ ಆಡಿತು.

ಸಂಕ್ರಾಂತಿಯ ಮುಂದಿನ ಭಾನುವಾರ ಅದು. ಇಪ್ಪತ್ತು ಮಕ್ಕಳಲ್ಲಿ ಒಂದು ಮಗು ಮಾತ್ರ ಬಲಗೈಯನ್ನು ಫ್ರಾಕಿನೊಳಗೆ ಬಚ್ಚಿಟ್ಟುಕೊಂಡು ಕೂತಿತ್ತು. ಹೆಸರು ಝಿಲಿ, ವಯಸ್ಸು ಆರು. ಹಿಂದೆ ಯಾವುದೋ ಗೂಡಿನ ಬಿಸಿ ಬೂದಿಗೆ ಬಿದ್ದು ಕೈ ಸುಟ್ಟಿತ್ತು. ಗಾಯ ಮಾಯುವಾಗ ನಾಲ್ಕು ಬೆರಳೂ ಮಡಿಸಿಕೊಂಡು ಅಂಗೈಗೆ ಅಂಟಿ ಹೋಗಿದ್ದವು. ಹೆಬ್ಬೆರಳೊಂದು ಮಾತ್ರ ಆಡುತ್ತಿತ್ತು. ಅದು ಯಾವಾಗಲೂ ಮುಷ್ಟಿ ಹಿಡಿದ ಕೈ.

ಸುನಂದ ತಂದಿದ್ದ ಕಡಲೆಮಿಠಾಯಿಯನ್ನು ಸುಮ್ಮನೆ ಹಂಚುವ ಬದಲು ಹರಾಜಿಗಿಟ್ಟಳು. "ಯಾರು ಎಷ್ಟು ಚಪ್ಪಾಳೆ ಕೊಡ್ತೀರಾ?" ಎಂದು ತೆಲುಗಿನಲ್ಲಿ ಕೂಗಿದಳು. ಮಕ್ಕಳು ಬಿದ್ದು ಬಿದ್ದು ನಕ್ಕರು, ಹತ್ತು, ಇಪ್ಪತ್ತು, ನೂರು ಎಂದು ಅರಚಿದರು. ಚಪ್ಪಾಳೆ ತಟ್ಟಲಾರದ ಝಿಲಿ ನೋಡುತ್ತಾ ನೋಡುತ್ತಾ ಸುನಂದಳ ಪಕ್ಕಕ್ಕೆ ಬಂದು ನಿಂತು, ತಾನೇ ಕೂಗತೊಡಗಿತು: "ಒಕಟೋ ಸಾರಿ! ರೆಂಡೋ ಸಾರಿ!" ಅಷ್ಟು ಹೇಳಿ ನಿಲ್ಲಿಸಿ ಸುನಂದಳ ಬಾಯಿ ನೋಡಿತು. "ಮೂಡೋ ಸಾರಿ!" ಎಂದಳು ಸುನಂದ. ಝಿಲಿ ಬಚ್ಚಿಟ್ಟ ಕೈಯನ್ನು ಹೊರಗೆ ತೆಗೆದು ಮುಂದೆ ಚಾಚಿ ಕೇಳಿತು: "ನಾಕೇಂ ವಚ್ಚಿಂದಿ?" ನನಗೇನು ಬಂತು?

ಆ ಮುಷ್ಟಿಗೂ ಹೆಬ್ಬೆರಳಿಗೂ ನಡುವಿನ ಸಂದಿಯಲ್ಲಿ ಸುನಂದ ಕಡಲೆಮಿಠಾಯಿ ಸಿಕ್ಕಿಸಿದಳು. ಮಗು ಅದನ್ನು ಬೀಳಿಸದೆ ಬಾಯಿಗೆ ಒಯ್ದಿತು. ಅವತ್ತಿನಿಂದ ಪ್ರತಿ ಭಾನುವಾರ ಇದೇ ಆಟ: ಎರಡು ಕೂಗು ಝಿಲಿಯದು, ಮೂರನೆಯದು ಸುನಂದಳದು, ಆಮೇಲೆ "ನಾಕೇಂ ವಚ್ಚಿಂದಿ?" ಎಂಬ ಪ್ರಶ್ನೆ, ಆಮೇಲೆ ಮುಷ್ಟಿಯ ಸಂದಿಗೆ ಏನಾದರೊಂದು. ಸುನಂದಳಿಗೆ ಇಬ್ಬರು ಗಂಡು ಮಕ್ಕಳು, ಇಬ್ಬರೂ ಬೆಳೆದವರು. ಮನೆಯಲ್ಲಿ ಅವಳ ಕೈಯಿಂದ ಏನನ್ನಾದರೂ ಹೀಗೆ ಆಸೆಪಟ್ಟು ಇಸಕೊಳ್ಳುವವರು ಯಾರೂ ಉಳಿದಿರಲಿಲ್ಲ. ಆ ಮಗು ಅವಳಿಗೆ ಅಂಟಿಕೊಂಡಿತು ಅಂತ ಜನ ಹೇಳುತ್ತಿದ್ದರು. ನಿಜ ಹೇಳಬೇಕೆಂದರೆ ಅಂಟಿಕೊಂಡವಳು ಇವಳು.

ಒಂದು ದಿನ ರಜೆ ಹಾಕಿ, ಶ್ವೇತಳನ್ನೂ ಝಿಲಿಯ ಅಪ್ಪ ದೈತಾರಿಯನ್ನೂ ಕರೆದುಕೊಂಡು ಕೋಲಾರದ ಆಸ್ಪತ್ರೆಯೊಂದಕ್ಕೆ ಹೋದಳು. ಡಾಕ್ಟರು ಕೈಯನ್ನು ತಿರುಗಿಸಿ ಮುರುಗಿಸಿ ನೋಡಿ, "ಬಿಡಿಸಬಹುದು. ಬೇರೆ ಕಡೆಯ ಚರ್ಮ ತೆಗೆದು ಹಾಕಬೇಕು. ಮೂರು ವಾರ ಇಲ್ಲೇ ಇರಬೇಕು. ಆದರೆ ಬೆಳೆಯೋ ಮಗು, ಮೂಳೆ ಡೊಂಕಾಗಿಯೇ ಬೆಳೆದುಬಿಡುತ್ತೆ. ಈ ಮಳೆಗಾಲಕ್ಕೆ ಮುಂಚೆ ಆದರೆ ಬರೆಯೋ ಕೈ ಆಗುತ್ತೆ. ತಡ ಆದಷ್ಟೂ ನನ್ನ ಕೈಯಲ್ಲಿಲ್ಲ" ಎಂದರು. ಉಚಿತ ಚಿಕಿತ್ಸೆಯ ಕಾರ್ಡು ದೈತಾರಿಯ ಊರಿನದು, ಇಲ್ಲಿ ನಡೆಯದು. ದುಡ್ಡು ಕೂಡಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ.

ಹೀಗೆ ಹುಟ್ಟಿತು ಲೇಡೀಸ್ ಬೋಗಿಯ ಶುಕ್ರವಾರದ ಹರಾಜು. ಮಾಲೂರು ಬಿಟ್ಟ ಕೂಡಲೇ ಶುರು, ವೈಟ್‌ಫೀಲ್ಡ್ ಬರುವುದರೊಳಗೆ ಮುಗಿಯಬೇಕು. ದೇವನಗೊಂದಿ ದಾಟಿದ ಮೇಲೆ ಹೊಸ ಸಾಮಾನು ತೆಗೆಯುವ ಹಾಗಿಲ್ಲ. ಶ್ರೀನಿವಾಸಪುರದ ತವರಿನಿಂದ ಪದ್ಮಶ್ರೀ ಮಾವಿನಕಾಯಿ ತಂದಳು. ಬಂಗಾರಪೇಟೆಯಲ್ಲಿ ಹತ್ತುವ ಮುತ್ಯಾಲಮ್ಮ ತಾಯಲೂರಿನ ಹೊಸ ಕಡಲೆಕಾಯಿ ತಂದಳು. ಹಿತುಕಿದ ಅವರೆಬೇಳೆ ಡಬ್ಬಿಗೆ ಇಬ್ಬರು ಟೀಚರುಗಳು ಜುಟ್ಟು ಹಿಡಿಯುವುದೊಂದು ಬಾಕಿ. ಆದರೆ ಹೆಸರು ಮಾಡಿದ್ದು ವಕ್ಕಲೇರಿಯ ಅಣ್ಣನ ಹೊಲದಿಂದ ಬಂದ ಒಂದು ಸಿಹಿಗುಂಬಳ. ಅದನ್ನು ಗೆದ್ದವಳು, "ಇಷ್ಟು ದೊಡ್ಡದನ್ನ ಹೊತ್ಕೊಂಡು ಆಫೀಸಿಗೆ ಹೋಗ್ಲಾ? ಮುಂದಿನ ವಾರ ತಿರುಗಾ ಕೂಗು" ಎಂದು ವಾಪಸ್ಸು ಕೊಟ್ಟಳು. ಮುಂದಿನ ವಾರ ಗೆದ್ದವಳೂ ಹಾಗೇ ಮಾಡಿದಳು. ಒಂದೇ ಕುಂಬಳಕಾಯಿ ಏಳು ಸಲ ಮಾರಾಟವಾಯಿತು. ಮಂಡಿಯಲ್ಲಿ ಹೀಗೆ ಮಾಡಿದ್ದರೆ ಗಂಗುಲಪ್ಪನವರನ್ನು ಒದ್ದು ಓಡಿಸುತ್ತಿದ್ದರು.

ಸುದ್ದಿ ಹಬ್ಬಿತು. ಮುಳಬಾಗಿಲಿನ ಗೆಳೆಯರ ಗುಂಪೊಂದು ಒಂದು ಭಾನುವಾರ ಬಸ್‌ಸ್ಟ್ಯಾಂಡಿನ ಪಕ್ಕ ಕಾವಲಿ ಇಟ್ಟು, ಕೇಂದ್ರದ ಮಕ್ಕಳು ಬರೆದುಕೊಟ್ಟ ಚಿತ್ರದ ಆಕಾರದಲ್ಲೇ ದೋಸೆ ಹುಯ್ದು ಮಾರಿತು. ಝಿಲಿ ಎಡಗೈಯಲ್ಲಿ ಬರೆದಿದ್ದ ರೈಲಿನ ದೋಸೆಗೆ ಹೆಚ್ಚು ಗಿರಾಕಿ. ಯುಗಾದಿಯ ಹೊತ್ತಿಗೆ ಬೇಕಾದಷ್ಟು ಸೇರಿತ್ತು. ಸುನಂದಳೇ ಆಸ್ಪತ್ರೆಗೆ ಫೋನ್ ಮಾಡಿ ತಾರೀಖು ತೆಗೆದುಕೊಂಡಳು: ಏಪ್ರಿಲ್ ಹದಿನಾರು. ದೈತಾರಿಗೆ ಹೇಳಿದಾಗ ಅವನು ಎರಡೂ ಕೈ ಮುಗಿದು, ಮರೆಯಬಾರದೆಂದು ಶೆಡ್ಡಿನ ತಗಡಿನ ಮೇಲೆ ಇದ್ದಿಲಿನಿಂದ ಆ ಅಂಕಿ ಬರೆದುಕೊಂಡ.

ಇಲ್ಲಿಗೆ ಕತೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ.

ಕೇಂದ್ರದ ಅಧ್ಯಕ್ಷರು ಮುನಿರಾಮಪ್ಪ ಮೇಷ್ಟ್ರು. ನಿವೃತ್ತ ಹೆಡ್‌ಮಾಸ್ಟರು, ಚಂದ್ರಮೋಹನ್‌ಗೆ ಪಾಠ ಹೇಳಿದವರು, ಊರಿನಲ್ಲಿ ಎದುರಾಡುವವರಿಲ್ಲ. ಕೆಟ್ಟವರೆಂದು ಹೇಳಿದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಆ ತಗಡಿನ ಸೂರಿಗೆ ತಮ್ಮ ಪಿಂಚಣಿ ಸುರಿದವರು ಅವರೇ. ಅವರಿಗೆ ಇದ್ದ ಚಟ ಒಂದೇ, ವೇದಿಕೆ. ಹಾರ, ಶಾಲು, ಪೇಟ, ಮೈಕು ಇಲ್ಲದೆ ಒಂದು ಕೆಲಸ ಆಯಿತೆಂದರೆ ಅವರ ಲೆಕ್ಕದಲ್ಲಿ ಅದು ಆಗಲೇ ಇಲ್ಲ. ಯುಗಾದಿಯ ಮರುದಿನ ಮನೆಗೆ ಬಂದರು. ಸುನಂದ ಒಬ್ಬಟ್ಟಿಟ್ಟು ತುಪ್ಪ ಬಡಿಸಿದಳು.

"ಏನಮ್ಮ ಸುನಂದಾ, ಒಳ್ಳೇ ಸುದ್ದಿ ತಂದಿದೀನಿ. ನಮ್ಮ ದೊಡ್ಡ ಯಜಮಾನ್ರು ಒಪ್ಪಿದಾರೆ. ನೀವು ಎಷ್ಟು ಕೂಡಿಸಿದೀರೋ ಅಷ್ಟೇ ದುಡ್ಡು ಅವರೂ ಸೇರಿಸಿ ಕೊಡ್ತಾರಂತೆ." ದೊಡ್ಡ ಯಜಮಾನರು ಎಂದರೆ ನಾಲ್ಕು ತಾಲೂಕಿನಲ್ಲೂ ಹೆಸರಿರುವ ಒಬ್ಬ ಸ್ಥಿತಿವಂತರು. "ಇನ್ನೂ ಮೂರು ಮಕ್ಕಳಿಗೆ ಚಿಕಿತ್ಸೆ ಆಗುತ್ತೆ. ಒಂದು ಕಾರ್ಯಕ್ರಮ ಮಾಡೋಣ. ಅವರ ಮುಂದೆ ನೀನು ಆ ಕುಂಬಳಕಾಯಿ ಹರಾಜು ಕೂಗ್ಬೇಕು."

"ಮಾಡೋಣ ಮೇಷ್ಟ್ರೇ. ಝಿಲಿ ಆಸ್ಪತ್ರೆಯಿಂದ ಬಂದ್ಮೇಲೆ ಇಟ್ಕೊಳೋಣ" ಎಂದಳು ಸುನಂದ.

ಮೇಷ್ಟ್ರು ಒಬ್ಬಟ್ಟು ಮುರಿಯುತ್ತಾ ನಕ್ಕರು. "ಅಯ್ಯೋ ಹುಚ್ಚಿ. ಕೈ ಮೊದಲೇ ಸರಿಹೋಗಿಬಿಟ್ರೆ ವೇದಿಕೆ ಮೇಲೆ ಜನಕ್ಕೆ ಏನು ತೋರಿಸೋದು? ಯಜಮಾನ್ರು ಆ ಮಗೂನ ಪಕ್ಕ ನಿಲ್ಲಿಸ್ಕೊಂಡು ಚೆಕ್ ಕೊಡ್ಬೇಕು ಅಂದಿದಾರೆ. ಏಪ್ರಿಲ್ ಕೊನೇ ಭಾನುವಾರ. ಹತ್ತು ದಿನ ತಾನೇ ಹೆಚ್ಚು ಕಮ್ಮಿ? ಎರಡು ವರ್ಷ ಹಾಗೇ ಇದ್ದ ಕೈ."

ಸುನಂದಳ ಎದೆ 'ಬೇಡ' ಎಂದಿತು. ನಾಲ್ಕು ಜನ ನೋಡಲಿ ಎಂದು ಒಂದು ಮಗುವಿನ ಕೈಯನ್ನು ಸರಿಪಡಿಸದೆ ಹಾಗೇ ಇಟ್ಟುಕೊಳ್ಳುವುದೇ? ಆದರೆ ಎದುರಿಗೆ ಗಂಡನ ಗುರುಗಳು, ಅವರ ಎಲೆಯಲ್ಲಿ ತಾನೇ ಬಡಿಸಿದ ತುಪ್ಪ, ಮೇಲೆ ಇನ್ನೂ ಮೂರು ಮಕ್ಕಳ ಹೆಸರು. ಮೂರು ಮಕ್ಕಳಿಗೆ ಅಡ್ಡ ಬಂದವಳು ಎನ್ನಿಸಿಕೊಳ್ಳಲೇ?

"ಆಗ್ಲಿ ಮೇಷ್ಟ್ರೇ" ಎಂದಳು.

ಆಸ್ಪತ್ರೆಗೆ ಫೋನ್ ಮಾಡಿ ತಾರೀಖು ಬಿಡಿಸಿದವಳೂ ಅವಳೇ. ಬೇರೆ ಯಾರಿಗೂ ಆ ಪಾಪ ಹಂಚುವ ಹಾಗಿಲ್ಲ. ಅತ್ತ ಕಡೆಯ ನರ್ಸಮ್ಮ, "ಮತ್ತೆ ಯಾವಾಗ ಬೇಕು?" ಎಂದು ಕೇಳಿದರೆ, "ಹೇಳ್ತೀನಮ್ಮ" ಎಂದು ಇಟ್ಟಳು.

ಏಪ್ರಿಲ್ ಕೊನೆಯ ಭಾನುವಾರ ಅಮಾವಾಸ್ಯೆ ಎಂದು ಆಮೇಲೆ ಯಾರೋ ಕ್ಯಾಲೆಂಡರ್ ತಿರುವಿ ಹೇಳಿದರು. ಅಮಾವಾಸ್ಯೆಯ ದಿನ ಯಜಮಾನರು ಹೊಸಿಲು ದಾಟುವುದಿಲ್ಲ. ಮುಂದಿನ ಭಾನುವಾರಕ್ಕೆ ಹೋಯಿತು. ಅಷ್ಟರಲ್ಲಿ ಅವರ ದಾಯಾದಿಗಳ ಪೈಕಿ ಮುದುಕರೊಬ್ಬರು ತೀರಿಕೊಂಡರು, ಹನ್ನೊಂದು ದಿನ ಸೂತಕ. ಸೂತಕದಲ್ಲಿ ಶಾಲು ಹೊದೆಯುವಂತಿಲ್ಲ. ಕೊನೆಗೆ ಮೇ ಹದಿನೆಂಟು ಎಂದು ನಿಶ್ಚಯವಾಗಿ ಕರಪತ್ರ ಅಚ್ಚಾಯಿತು. ಕರಪತ್ರದ ಮೇಲೆ ಝಿಲಿಯ ಮುಷ್ಟಿಯ ಫೋಟೊ.

ಪ್ರತಿ ಭಾನುವಾರ ದೈತಾರಿ ಶೆಡ್ಡಿನ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಿದ್ದ: "ಅಕ್ಕಾ, ತಾರೀಖು?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಸುನಂದಳಿಗೆ ಎಷ್ಟೋ ಹಗುರಾಗುತ್ತಿತ್ತು. ತಗಡಿನ ಮೇಲಿನ ಹದಿನಾರನ್ನು ಅಳಿಸಿ ನಾಲ್ಕು ಎಂದು ಬರೆದ, ಅದನ್ನು ಅಳಿಸಿ ಹದಿನೆಂಟು ಎಂದು ಬರೆದ. ಹದಿನೆಂಟು ಆಸ್ಪತ್ರೆಯ ತಾರೀಖಲ್ಲ, ಕಾರ್ಯಕ್ರಮದ್ದು ಎಂದು ಅವನಿಗೆ ತಿಳಿಸಿ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಹದಿನೆಂಟಕ್ಕೆ ಇನ್ನು ಮೂರು ದಿನ ಇದೆ ಎನ್ನುವಾಗ ಮಳೆ ಹಿಡಿಯಿತು. ಜೂನಿನಲ್ಲಿ ಬರಬೇಕಾದ್ದು ಮೇ ತಿಂಗಳಲ್ಲೇ ಬಂದು ಬಿಡದೆ ಹೊಯ್ಯಿತು. ಗೂಡಿನ ಮುಂದೆ ಸಾಲಾಗಿ ಒಣಗಲು ಇಟ್ಟಿದ್ದ ಹಸಿ ಇಟ್ಟಿಗೆಗಳೆಲ್ಲ ಕರಗಿ ಮತ್ತೆ ಮಣ್ಣಾದವು. ಸುನಂದ ಶನಿವಾರ ಹೋಗಿ ನೋಡಿ ಬರಬೇಕೆಂದುಕೊಂಡಳು. ಅವತ್ತೇ ಕಾರ್ಯಕ್ರಮ ನಡೆಯಲಿದ್ದ ಕಲ್ಯಾಣ ಮಂಟಪದಲ್ಲಿ ಬಾಳೆಕಂದು ಕಟ್ಟುವುದಿತ್ತು, ಮೇಷ್ಟ್ರು "ನೀನಿಲ್ದೆ ಹೆಂಗಮ್ಮ?" ಎಂದಿದ್ದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ. ಹೊಸ ಫ್ರಾಕು ತೆಗೆದುಕೊಂಡು ಝಿಲಿಯನ್ನು ಕರೆತರಲು ಹೋದ ಶ್ವೇತ ಹತ್ತೂವರೆಗೆ ಒಬ್ಬಳೇ ಓಡಿ ಬಂದಳು. ಫ್ರಾಕಿನ ಕವರು ಕೈಯಲ್ಲೇ ಇತ್ತು.

"ಅಕ್ಕ, ಶೆಡ್ಡೆಲ್ಲ ಖಾಲಿ. ಮಳೆಗೆ ಕೆಲಸ ಮುಗೀತು ಅಂತ ಬೆಳಿಗ್ಗೆ ಎಂಟಕ್ಕೇ ಲಾರಿ ಹತ್ತಿಸಿ ಕಳಿಸಿಬಿಟ್ಟಿದಾರೆ. ಬಂಗಾರಪೇಟೆಯಿಂದ ರೈಲಂತೆ, ಹನ್ನೆರಡೂವರೆಗೆ."

ಸುನಂದ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಿಗೆ ನಡೆದೇಬಿಟ್ಟಳು. ಬಂಗಾರಪೇಟೆ ಎಷ್ಟು ದೂರ? ಆಟೋದಲ್ಲಿ ಒಂದು ಗಂಟೆ ಸಾಕು. ಹೋಗಿ, ದೈತಾರಿಗೆ ತೆಲುಗಿನಲ್ಲಿ ಎರಡು ಮಾತು ಹೇಳಿ, ತಾಯಿ ಮಗಳಿಬ್ಬರನ್ನಾದರೂ ಇಳಿಸಿಕೊಂಡು ಬಂದರಾಯಿತು. ದುಡ್ಡಿದೆ, ಡಾಕ್ಟರಿದ್ದಾರೆ, ಮನೆಯಲ್ಲಿ ಜಾಗ ಇದೆ. ಎಲ್ಲ ಇತ್ತು.

ಮೇಷ್ಟ್ರು ಬಾಗಿಲಲ್ಲಿ ಅಡ್ಡ ಬಂದರು. ಅಡ್ಡ ಬಂದರು ಎಂದರೆ ಕೈ ಹಿಡಿದು ತಡೆಯಲಿಲ್ಲ, ಕೈ ಮುಗಿದರು. "ಯಜಮಾನ್ರು ಹೊಸಕೋಟೆ ದಾಟಿದಾರಂತಮ್ಮ, ಇನ್ನೇನು ಬಂದ್ರು. ನೀನೇ ಇಲ್ದಿದ್ರೆ ಹರಾಜು ಯಾರು ಕೂಗ್ತಾರೆ? ನಾನು ಆ ದೊಡ್ಡ ಮನುಷ್ಯನಿಗೆ ಏನಂತ ಮುಖ ತೋರಿಸ್ಲಿ? ಶ್ವೇತನ್ನ ಕಳ್ಸು. ನಿಂಗೆ ಕೈ ಮುಗೀತೀನಿ."

ಎಪ್ಪತ್ತೆರಡು ವರ್ಷದ ಮನುಷ್ಯ ಕೈ ಮುಗಿದು ನಿಂತರೆ ಏನು ಮಾಡುವುದು? ನೀವಾದರೆ ದಾಟಿ ಹೋಗುತ್ತಿದ್ದಿರೇನೋ. ಸುನಂದಳಿಗೆ ಕಾಲೇ ಬರಲಿಲ್ಲ. "ನೀನು ಹೋಗೇ ಶ್ವೇತಾ, ಹೆಂಗಾದ್ರೂ ಮಾಡಿ ಇಳಿಸ್ಕೊ" ಎಂದು, ತೆಲುಗು ಬಾರದ ಆ ಹುಡುಗಿಯನ್ನು ಆಟೋ ಹತ್ತಿಸಿದಳು. ದೈತಾರಿಗೆ ಕೊಡು ಎಂದು ತನ್ನ ಫೋನ್ ನಂಬರನ್ನು ಕರಪತ್ರದ ಹಿಂದೆ ಬರೆದುಕೊಟ್ಟಳು.

ಹೊಸಕೋಟೆ ದಾಟಿದ್ದ ಯಜಮಾನರು ಬಂದದ್ದು ಹನ್ನೆರಡಕ್ಕೆ. ಹಾರ, ತುರಾಯಿ, ಪೇಟ. ಝಿಲಿ ನಿಲ್ಲಬೇಕಿದ್ದ ಕಡೆ ಕಣ್ಣಿನ ಚಿಕಿತ್ಸೆಯಾಗಬೇಕಿದ್ದ ಬೇರೊಂದು ಮಗುವನ್ನು ತಂದು ನಿಲ್ಲಿಸಿದರು. ಬಾಗಿಲಷ್ಟು ದೊಡ್ಡ ಚೆಕ್ಕಿನ ಹಲಗೆಯ ಹಿಂದೆ ಆ ಮಗು ಪೂರ್ತಿ ಮುಚ್ಚಿಹೋಯಿತು. ಆಮೇಲೆ ಹರಾಜು. ಸುನಂದ ಮೈಕಿನ ಮುಂದೆ ಬಂದು ನಿಂತಾಗ ಮಂಟಪದ ಗಡಿಯಾರದಲ್ಲಿ ಹನ್ನೆರಡು ಹದಿನೈದು. ಅವಳ ಫೋನು ವ್ಯಾನಿಟಿ ಬ್ಯಾಗಿನಲ್ಲಿ, ಬ್ಯಾಗು ವೇದಿಕೆಯ ಹಿಂದಿನ ಕೋಣೆಯಲ್ಲಿ.

ಅವತ್ತು ಅವಳು ಕೂಗಿದ ಹಾಗೆ ಎಂದೂ ಕೂಗಿರಲಿಲ್ಲ ಎಂದು ನೋಡಿದವರು ಹೇಳುತ್ತಾರೆ. ಬೇಗ ಮುಗಿಸಿ ಓಡಬೇಕೆಂದು ಅವಳು ಅವಸರಪಡುತ್ತಿದ್ದಳು. ಆ ಅವಸರವೇ ಜನಕ್ಕೆ ಹುಮ್ಮಸ್ಸಾಗಿ ಕಂಡು, ಕುಂಬಳಕಾಯಿಯ ಬೆಲೆ ಏರುತ್ತಲೇ ಹೋಯಿತು. ಯಜಮಾನರ ಕಡೆಯವರೂ ಮಾವಿನ ಮಂಡಿಯವರೂ ಜಿದ್ದಿಗೆ ಬಿದ್ದರು. "ರೆಂಡೋ ಸಾರಿ" ಎಂದು ಅವಳು ಅನ್ನುವಷ್ಟರಲ್ಲಿ ಮತ್ತೊಬ್ಬರು ಕೈ ಎತ್ತುವರು, ಮತ್ತೆ ಮೊದಲಿಂದ. ಕೊನೆಗೆ "ಮೂಡೋ ಸಾರಿ" ಎಂದಾಗ ಹನ್ನೆರಡು ನಲವತ್ತು. ಚಪ್ಪಾಳೆಯೋ ಚಪ್ಪಾಳೆ.

ಕೋಣೆಗೆ ಓಡಿ ಫೋನು ತೆಗೆದರೆ ಶ್ವೇತಳ ಒಂಬತ್ತು ಕರೆಗಳು.

ಶ್ವೇತ ಪ್ಲಾಟ್‌ಫಾರಂನಲ್ಲಿ ಅವರನ್ನು ಹುಡುಕಿ ಹಿಡಿದಿದ್ದಳು. ಝಿಲಿ ಗಂಟುಮೂಟೆಯ ಮೇಲೆ ಕೂತು ಇವಳನ್ನು ಕಂಡು ನಕ್ಕಿತ್ತಂತೆ. ಶ್ವೇತ ಕನ್ನಡದಲ್ಲಿ, ಹರಕುಮುರುಕು ಹಿಂದಿಯಲ್ಲಿ, ಕೈಸನ್ನೆಯಲ್ಲಿ, ರೈಲು ಹತ್ತಬೇಡಿ, ದುಡ್ಡು ಇದೆ, ಕೈ ಸರಿಹೋಗುತ್ತೆ ಎಂದೆಲ್ಲ ಹೇಳಿದಳು. ಕೂಲಿಯವರನ್ನು ಕರೆದೊಯ್ಯುತ್ತಿದ್ದ ಮೇಸ್ತ್ರಿ ಗದರಿದ. ದೈತಾರಿಗೆ ಅರ್ಥವಾದದ್ದು ಅರ್ಧ. "ಅಕ್ಕನ ಹತ್ರ ಮಾತಾಡಿಸು" ಎಂದು ಅವನೇ ಫೋನು ತೋರಿಸಿದ. ಒಂಬತ್ತು ಸಲ ಮಾಡಿದರೂ ಅಕ್ಕ ಎತ್ತಲಿಲ್ಲ. ರೈಲು ಬಂತು. ಕರಪತ್ರವನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು ಹತ್ತಿದ. ಹೊಸ ಫ್ರಾಕನ್ನು ಶ್ವೇತ ಕಿಟಕಿಯೊಳಗೆ ತುರುಕಿದಳು, ಅದೊಂದು ತಲುಪಿತು.

ಅದೇ ಸಂಜೆ ಸುನಂದ ಗೂಡಿಗೆ ಹೋದಳು. ಕೇಳಿದರೆ ಮೇಸ್ತ್ರಿಯ ನಂಬರು ಕೊಟ್ಟರು, ಅದು ಸ್ವಿಚ್ ಆಫ್. ದೈತಾರಿಗೆ ಫೋನಿರಲಿಲ್ಲ. ಊರಿನ ಹೆಸರು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ತಗಡಿನ ಮೇಲೆ ಹದಿನೆಂಟು ಎಂದು ಬರೆದದ್ದು ಮಳೆಗೂ ಅಳಿಸದೆ ಹಾಗೇ ಇತ್ತು.

ಇನ್ನು ಊರಿನ ಮಾತು ಕೇಳಿ. ಕಾರ್ಯಕ್ರಮ ಭರ್ಜರಿ ಯಶಸ್ಸು. ಯಜಮಾನರು ಆಡಿದ ಮಾತಿನಂತೆ ಕೊಟ್ಟರು, ಅದಕ್ಕೆ ಎರಡು ಮಾತಿಲ್ಲ. ಮೂರಲ್ಲ, ನಾಲ್ಕು ಮಕ್ಕಳಿಗೆ ಚಿಕಿತ್ಸೆಯಾಯಿತು. ತಾಯಲೂರಿನ ಕಡೆಯ ಒಬ್ಬ ಹುಡುಗ ಈಗ ಓಡಾಡುತ್ತಾನೆ. ಮೇಷ್ಟ್ರು ಸಿಕ್ಕಾಗಲೆಲ್ಲ, "ನಿನ್ನ ಗಂಟಲಿನ ಪುಣ್ಯ ಕಣಮ್ಮ" ಎನ್ನುತ್ತಾರೆ. ಝಿಲಿಯ ಮಾತೆತ್ತಿದರೆ, "ಅದರ ಹಣೇಲಿ ಬರೆದಿರ್ಲಿಲ್ಲ, ನಾವೇನ್ಮಾಡೋಕಾಗುತ್ತೆ? ಅದರ ಪಾಲಿನ ದುಡ್ಡು ಹಾಗೇ ಇಟ್ಟಿದೀನಿ" ಎನ್ನುತ್ತಾರೆ. ನಿಜವಾಗಿಯೂ ಇಟ್ಟಿದ್ದಾರೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳುವುದು? ನಾಲ್ಕು ಮಕ್ಕಳ ತಾಯಂದಿರು ಕೈ ಮುಗಿಯುವಾಗ, ಇದು ತಪ್ಪಾಯಿತು ಎಂದು ಯಾವ ಬಾಯಲ್ಲಿ ಹೇಳುವುದು? ಸುನಂದ ಯಾರಿಗೂ ಹೇಳಲಿಲ್ಲ. ಯಾರೂ ಅವಳನ್ನು ಬೈಯಲೂ ಇಲ್ಲ. ಆದರೂ ಯಾರಾದರೂ ಆ ಭಾನುವಾರದ ಮಾತು ತೆಗೆದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಫೋನು ಎಲ್ಲಿದೆ ಎಂದು ಬ್ಯಾಗು ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಅಂದಿನಿಂದ ಫೋನನ್ನು ಬ್ಯಾಗಿಗೆ ಹಾಕುವುದನ್ನೇ ಬಿಟ್ಟಳು. ಕೈಯಲ್ಲೇ ಹಿಡಿದಿರುವಳು, ಚೆಕಿಂಗ್ ಟೇಬಲ್ಲಿನ ಕೆಳಗೆ ಅಡಗಿಸಿಟ್ಟು ಸೂಪರ್‌ವೈಸರ್ ಹತ್ತಿರ ಎರಡು ಸಲ ಬೈಸಿಕೊಂಡಳು.

ಶುಕ್ರವಾರದ ಹರಾಜು ನಿಂತಿತು. ಪದ್ಮಶ್ರೀ, "ಕೂಗೇ, ಬೋಗಿ ಬಿಕೋ ಅಂತದೆ" ಎಂದು ಎಷ್ಟು ಗೋಗರೆದರೂ, ಗಂಟಲು ಸರಿಯಿಲ್ಲ ಎನ್ನುತ್ತಿದ್ದಳು. ಜೀವನದಲ್ಲಿ ಮೊದಲ ಸಲ 'ಆಗಲ್ಲ' ಎನ್ನಲು ಕಲಿತಳು, ಕಲಿಯಬೇಕಾದ ಹೊತ್ತು ದಾಟಿದ ಮೇಲೆ.

ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಗೂಡುಗಳಲ್ಲಿ ಮತ್ತೆ ಹೊಗೆ ಎದ್ದಿತು, ಹೊಸ ಸಂಸಾರಗಳು ಬಂದವು. ಭಾನುವಾರ ಭಾನುವಾರ ಹೋಗಿ ಮುಖ ಮುಖ ನೋಡಿ ಬಂದಳು. ಇರಲಿಲ್ಲ.

ಸಂಕ್ರಾಂತಿಗೆ ಇನ್ನು ನಾಲ್ಕು ದಿನವಿತ್ತು. ಬೆಳಗಿನ ಗಾಡಿ ಮಾಲೂರು ಬಿಟ್ಟಿತ್ತು. ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು, ಗುರುತಿಲ್ಲದ ನಂಬರು.

"ಅಕ್ಕಾ," ಅತ್ತ ಕಡೆಯ ದನಿ ಹೇಳಿತು, "ನೇನು ದೈತಾರಿ. ತಾರೀಖು ವಚ್ಚಿಂದಾ?" ತಾರೀಖು ಬಂತೇ ಎಂದು ಕೇಳುತ್ತಿದ್ದ.

ಎಂಟು ತಿಂಗಳಿಂದ ಅವನು ಕಾಯುತ್ತಿದ್ದ. ಯಾರದಾದರೂ ಫೋನು ಸಿಕ್ಕರೆ ಅಕ್ಕನನ್ನು ತಾರೀಖು ಕೇಳಬೇಕೆಂದು, ನಂಬರಿದ್ದ ಕರಪತ್ರವನ್ನು ಮಡಿಕೆ ಮಡಿಕೆ ಸವೆಯುವವರೆಗೂ ಜೇಬಿನಲ್ಲಿಟ್ಟುಕೊಂಡು. ಈಗ ತೆಲಂಗಾಣದ ಯಾವುದೋ ಗೂಡಿನಲ್ಲಿದ್ದಾನಂತೆ. ಪಕ್ಕದವನ ಫೋನಿನಿಂದ ಮಾತಾಡುತ್ತಿದ್ದಾನಂತೆ. ಸುನಂದ ಸೀಟಿನಿಂದ ಎದ್ದು ನಿಂತಳು. ಡಾಕ್ಟರು ಎಂದು ಬಂದರೂ ನೋಡುತ್ತಾರೆ, ದುಡ್ಡು ಹಾಗೇ ಇದೆ, ಇವತ್ತೇ ಹೊರಡಿ ಎಂದು ತೆಲುಗಿನಲ್ಲಿ ಒಂದೇ ಉಸಿರಿಗೆ ಹೇಳಿದಳು. ಅವನು ಎಲ್ಲ ಕೇಳಿಸಿಕೊಂಡು, ಜೂನ್‌ವರೆಗೂ ಬರಲಾಗದು ಅಕ್ಕಾ, ಮೇಸ್ತ್ರಿಗೆ ಒಪ್ಪಿಕೊಂಡಾಗಿದೆ, ಗೇಟು ದಾಟಲು ಬಿಡರು ಎಂದ. ನಾನೇ ಬಂದು ಮಗುವನ್ನು ಕರೆದೊಯ್ಯುತ್ತೇನೆ ಎಂದಳು. ಹೆಂಡತಿಗೆ ಹೆರಿಗೆಯಾಗಿದೆ, ಕೂಸನ್ನು ನೋಡಿಕೊಳ್ಳುವವಳು ಝಿಲಿಯೇ, ಅವಳನ್ನು ಹೇಗೆ ಕಳಿಸಲಿ ಎಂದ. ಜಾಗದ ಹೆಸರು ಹೇಳು ಎಂದಳು. ಊರು ಗೊತ್ತಿಲ್ಲ, ಪೆದ್ದಪಲ್ಲಿಯಿಂದ ಲಾರಿಯಲ್ಲಿ ತಂದರು ಎಂದ. ಜೂನಿನಲ್ಲಿ ಆದರೂ ಆಗುತ್ತದಲ್ಲಾ ಅಕ್ಕಾ ಎಂದು ಅವನೇ ಕೇಳಿದ. ತಡವಾದರೆ ಮೂಳೆ ಡೊಂಕಾಗಿ ಬೆಳೆಯುತ್ತದೆ ಎಂದಿದ್ದರು ಡಾಕ್ಟರು. ಅದನ್ನು ಅವನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಆಗುತ್ತೆ" ಎಂದಳು. ಹಾಳು ನಾಲಿಗೆ ಆಗಲೂ ಅದನ್ನೇ ಅಂದಿತು.

ಅತ್ತ ಕಡೆ ಫೋನು ಕೈ ಬದಲಾದ ಸದ್ದು, ಕೂಸೊಂದು ಅಳುವ ಸದ್ದು. ಆಮೇಲೆ ಗುರುತಿನ ದನಿ, ಸ್ವಲ್ಪ ಬಲಿತಿತ್ತು.

"ಒಕಟೋ ಸಾರಿ!" ಎಂದಿತು ಝಿಲಿ. ನಕ್ಕಿತು. "ರೆಂಡೋ ಸಾರಿ!"

ಅಷ್ಟು ಹೇಳಿ ನಿಲ್ಲಿಸಿ ಕಾಯಿತು. ಬೋಗಿಯ ಹೆಂಗಸರೆಲ್ಲ ಸುನಂದಳನ್ನೇ ನೋಡುತ್ತಿದ್ದರು. ಅವಳು ಅಪ್ಪ ಹೇಳಿದ ಹಾಗೆ ಉಸಿರು ಹಿಡಿದಳು. ಎಷ್ಟು ಹೊತ್ತು ಹಿಡಿಯಲು ಸಾಧ್ಯ? ಮಗು ಕಾಯುತ್ತಿತ್ತು.

"ಮೂಡೋ ಸಾರಿ" ಎಂದಳು. ಪಕ್ಕದಲ್ಲಿದ್ದ ಪದ್ಮಶ್ರೀಗೂ ಸರಿಯಾಗಿ ಕೇಳಿಸದಷ್ಟು ಸಣ್ಣಗೆ.

"ಅಕ್ಕಾ," ಎಂದಿತು ಮಗು, "ನಾಕೇಂ ವಚ್ಚಿಂದಿ?"

ಗಾಡಿ ದೇವನಗೊಂದಿ ದಾಟುತ್ತಿತ್ತು. ಸುನಂದ ಫೋನನ್ನು ಎರಡೂ ಕೈಯಲ್ಲಿ ಕಿವಿಗೆ ಒತ್ತಿ ಹಿಡಿದು ನಿಂತಿದ್ದಳು. ಅತ್ತ ಕಡೆ ಝಿಲಿ, ಕೇಳಿಸಲಿಲ್ಲವೇನೋ ಎಂದುಕೊಂಡು, ಇನ್ನೊಂದು ಸಲ ಕೇಳಿತು.